ಕಾಲಿಗೆ ಹತ್ತು ವರ್ಷ

ಇದು 2019ರ ಆಗಸ್ಟ್‌ನ ಒಂದು ವಾರದ ಕಥೆ. ಆಗ ಫೋನಿನಲ್ಲಿ ಎರಡೆರಡು ಸಾಲು ಗೀಚಿಕೊಂಡಿದ್ದೆ. ಈಗ ಮಗಳು ಮಲಗಿದ ಮೇಲೆ ಕೂತು ಬಿಡಿಸಿ ಬರೆಯುತ್ತಿದ್ದೇನೆ. ಊರು ಜಪಾನಿನ ಶಿಕೊಕು ದ್ವೀಪದ ತೊಕುಶಿಮಾ. ಹೋದ ಕೆಲಸ, ಹುಡುಗಿಯ ಮನೆಯವರನ್ನು ನೋಡುವುದು. ಅಂದರೆ ಅವರು ನನ್ನನ್ನು ನೋಡುವುದು.

ಆಗಸ್ಟ್ 10, ಶನಿವಾರ

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣ, ಅಲ್ಲಿಂದ ಬಸ್ಸು. ಬಸ್ಸಿನಲ್ಲೇ ಸುಮಾರು ಮೂರು ಗಂಟೆ. ಅವಳು ನಿಲ್ದಾಣಕ್ಕೇ ಬಂದಿದ್ದಳು. ನನ್ನ ಬ್ಯಾಗ್ ನೋಡಿ ಮೊದಲು ಕೇಳಿದ್ದೇ, "ಗೋಡಂಬಿ ಎಷ್ಟು ಕೇಜಿ?" ಎರಡು ಕೇಜಿ. ಅಮ್ಮನ ಆಜ್ಞೆ. ಜೊತೆಗೆ ನಾಲ್ಕು ಪ್ಯಾಕೆಟ್ ಮೈಸೂರು ಅಗರಬತ್ತಿ. ಅದು ನನ್ನದೇ ಐಡಿಯಾ. ಓಬೋನ್ ಹಬ್ಬಕ್ಕೆ ಹೋಗುತ್ತಿದ್ದೇನೆ, ಅದು ಅವರ ಪಿತೃಪಕ್ಷ ಇದ್ದ ಹಾಗೆ, ತೀರಿಕೊಂಡವರು ಮನೆಗೆ ಬಂದು ಹೋಗುವ ದಿನಗಳು, ಧೂಪ ಹಾಕಿಯೇ ಹಾಕುತ್ತಾರೆ ಅಂತ ಲೆಕ್ಕ ಹಾಕಿದ್ದೆ.

ಬಸ್ಸು ಆಕಾಶಿ ಸೇತುವೆ ಹತ್ತಿದಾಗ ನಿದ್ದೆಯಿಂದ ಎಬ್ಬಿಸಿದಳು. 3,911 ಮೀಟರ್ ಉದ್ದ. ಎರಡು ಗೋಪುರಗಳ ನಡುವೆಯೇ 1,991 ಮೀಟರ್. ಅಷ್ಟು ಉದ್ದದ ತೂಗು ಆಗ ಪ್ರಪಂಚದಲ್ಲಿ ಬೇರೆ ಎಲ್ಲೂ ಇರಲಿಲ್ಲ. ಕಟ್ಟುತ್ತಿರುವಾಗಲೇ, 1995ರ ಕೋಬೆ ಭೂಕಂಪಕ್ಕೆ ಗೋಪುರಗಳು ಸರಿದು ನಡುವಿನ ಅಂತರ ಹೆಚ್ಚುಕಡಿಮೆ ಒಂದು ಮೀಟರ್ ಜಾಸ್ತಿಯಾಯಿತಂತೆ. ಅವರು ಲೆಕ್ಕ ತಿದ್ದಿಕೊಂಡು ಕಟ್ಟಿ ಮುಗಿಸಿದರು, 1998ರಲ್ಲಿ ತೆರೆದರು. ಆಮೇಲೆ ಅವಾಜಿ ದ್ವೀಪ, ಅದು ಮುಗಿದ ಮೇಲೆ ನರುತೊ ಸೇತುವೆ. ಕೆಳಗೆ ಸಮುದ್ರ ಸುಳಿ ಸುತ್ತುತ್ತದೆ. ನನಗೆ ಹೊಟ್ಟೆಯೊಳಗೇ ಸುತ್ತುತ್ತಿತ್ತು.

ಅವರ ಮನೆ ಯೋಶಿನೋ ನದಿ ಹತ್ತಿರದ ಒಂದು ಸಣ್ಣ ಊರಲ್ಲಿ. ಬಾಗಿಲಲ್ಲಿ ಅಪ್ಪ, ಅಮ್ಮ, ಅಜ್ಜಿ ಮೂವರೂ ಸಾಲಾಗಿ ನಿಂತಿದ್ದರು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಪರಿಚಯದ ಮಾತು ಒಪ್ಪಿಸಿದೆ. ತಪ್ಪಿಲ್ಲದೆ ಬಂತು. ಅಪ್ಪ ತಲೆ ಬಾಗಿಸಿ, "ನಿಮ್ಮ ಜಪಾನೀಸ್ ಬಹಳ ಚೆನ್ನಾಗಿದೆ" ಅಂದರು.

ನಾನು ಉಬ್ಬಿಹೋದೆ. ಅವಳು ಮಾತ್ರ ಹಿಂದಿನಿಂದ ಮೆಲ್ಲಗೆ, "ಅದು ಕೆಟ್ಟ ಸುದ್ದಿ" ಅಂದಳು.

ಆಮೇಲೆ ಅರ್ಥವಾಯಿತು. ಆ ಮಾತನ್ನು ಅವರು ಹೊರಗಿನವರಿಗೆ ಹೇಳುತ್ತಾರೆ. ನೀವು "ಹಲೋ" ಅಂತ ಜಪಾನೀಸಿನಲ್ಲಿ ಹೇಳಿದರೂ ಹೇಳುತ್ತಾರೆ. ನಾವು ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಬಿಳಿಯ "ನಮಸ್ಕಾರ" ಅಂದರೆ ಹೇಗೆ ಚಪ್ಪಾಳೆ ತಟ್ಟುತ್ತೇವೋ ಹಾಗೆ. ಮನೆಯ ಮಗ ಕನ್ನಡ ಮಾತಾಡಿದರೆ ಯಾರಾದರೂ ಹೊಗಳುತ್ತಾರಾ?

ರಾತ್ರಿ ಸುಶಿ ತರಿಸಿದ್ದರು, ದೊಡ್ಡ ಮರದ ತಟ್ಟೆಯಲ್ಲಿ. ಊಟವಾದ ಮೇಲೆ ನಾನು ತಟ್ಟೆ ಎತ್ತಲು ಹೋದರೆ ಅವಳ ಅಮ್ಮ ಹೆದರಿದವರ ಹಾಗೆ ಓಡಿ ಬಂದು ಕಸಿದುಕೊಂಡರು. ಸ್ನಾನಕ್ಕೆ "ನೀವು ಮೊದಲು" ಅಂದರು. ಇಲ್ಲಿ ಹೊರಗೆ ಮೈ ತೊಳೆದುಕೊಂಡು ಆಮೇಲೆ ತೊಟ್ಟಿಯ ಬಿಸಿನೀರಿನಲ್ಲಿ ಕೂರುವುದು. ಒಂದೇ ನೀರಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು. ಅತಿಥಿಗೆ ಮೊದಲ ನೀರು. ಮರ್ಯಾದೆ ಅಂದರೆ ಮರ್ಯಾದೆ. ಕುತ್ತಿಗೆವರೆಗೆ ನೀರಲ್ಲಿ ಕೂತು, ಈ ಮರ್ಯಾದೆಯಿಂದ ಹೇಗೆ ತಪ್ಪಿಸಿಕೊಳ್ಳೋದು ಅಂತ ಯೋಚನೆ ಮಾಡಿದೆ.

ಆಗಸ್ಟ್ 11, ಭಾನುವಾರ

ಇವತ್ತು ಗೊಂಬೆಯಾಟ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಮನೆಯಿಂದ ಉಪ್ಪಿನಕುದ್ರು ಸೈಕಲ್ ದೂರ. ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟದ ಊರು. ತಲೆಮಾರುಗಳಿಂದ ನಡೆದುಬಂದ ಆಟ. ಒಂದೂವರೆ ಅಡಿಯ ಗೊಂಬೆ, ಮೇಲಿನಿಂದ ಸೂತ್ರ, ಹಿಂದೆ ಭಾಗವತರ ಹಾಡು. ಚಿಕ್ಕವನಿದ್ದಾಗ ನಾನು ಪರದೆಯ ಮುಂದೆ ಕೂರುತ್ತಿರಲಿಲ್ಲ, ಬದಿಯಿಂದ ಇಣುಕುತ್ತಿದ್ದೆ. ರಾವಣ ಹೇಗೆ ಸಾಯುತ್ತಾನೆ ಅನ್ನುವುದಕ್ಕಿಂತ ರಾವಣನ ಕೈ ಯಾವ ದಾರದಲ್ಲಿದೆ ಅನ್ನುವುದೇ ನನಗೆ ಮುಖ್ಯ.

ಇಪ್ಪತ್ತೈದು ದಾಟಿದ ಮೇಲೆ ಬೆಂಗಳೂರಿನ ಪಿಜಿಯಲ್ಲಿ ಒಂದು ರಾತ್ರಿ ಜಪಾನಿನ ಬುನ್ರಾಕು ಗೊಂಬೆಯಾಟದ ವಿಡಿಯೋ ಕಂಡಿತು. ಒಂದು ಗೊಂಬೆಗೆ ಮೂರು ಜನ! ದಾರ ಇಲ್ಲ, ಅಡಗುವುದೂ ಇಲ್ಲ. ಒಬ್ಬ ತಲೆ ಮತ್ತು ಬಲಗೈ, ಇನ್ನೊಬ್ಬ ಬರೀ ಎಡಗೈ, ಮತ್ತೊಬ್ಬ ಬಗ್ಗಿ ನಿಂತು ಬರೀ ಕಾಲು. ಮೂವರೂ ಕಣ್ಣೆದುರೇ ಇದ್ದಾರೆ, ಆದರೂ ಐದು ನಿಮಿಷ ಕಳೆದರೆ ಕಾಣುವುದು ಗೊಂಬೆ ಮಾತ್ರ. ಅವತ್ತು ಹಿಡಿದ ಹುಚ್ಚು. ಶನಿವಾರದ ಜಪಾನೀಸ್ ಕ್ಲಾಸಿಗೆ ಸೇರಿದೆ. ಎರಡು ಪರೀಕ್ಷೆ ಪಾಸಾದೆ. ಕಂಪನಿಯಲ್ಲಿ ಒಸಾಕಾ ಪ್ರಾಜೆಕ್ಟ್ ಬಂದಾಗ ಬೇರೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರೆ ನಾನು ಕೈ ಎತ್ತಿದೆ.

2017ರ ನವೆಂಬರ್, ಒಸಾಕಾದ ರಾಷ್ಟ್ರೀಯ ಬುನ್ರಾಕು ರಂಗಮಂದಿರ. ಪಕ್ಕದ ಸೀಟಿನಲ್ಲಿ ಒಬ್ಬಳು ಹುಡುಗಿ. ಎಲ್ಲರೂ ಗೊಂಬೆಯ ಮುಖ ನೋಡುತ್ತಿದ್ದರೆ ಇವಳು ಮಾತ್ರ ಮುಂದಕ್ಕೆ ಬಗ್ಗಿ ಗೊಂಬೆಯ ಬುಡ ನೋಡುತ್ತಿದ್ದಳು. ವಿರಾಮದಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. "ನಾನು ಶಾಲೆಯ ಗೊಂಬೆ ಕ್ಲಬ್ಬಿನಲ್ಲಿ ಕಾಲು ಆಗಿದ್ದೆ" ಅಂದಳು. ಕಾಲು ಆಗಿದ್ದೆ! ಅಂಥ ವಾಕ್ಯ ಹೇಳುವ ಹುಡುಗಿಯನ್ನು ಬಿಡೋದುಂಟಾ?

ಅವತ್ತು ಅವಳು ಹೇಳಿಕೊಟ್ಟಿದ್ದು ಇದು. ಹೆಣ್ಣು ಗೊಂಬೆಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ. ಕಾಲು ಆಡಿಸುವವರು ಕಿಮೊನೊ ಅಂಚಿನೊಳಗೆ ಎರಡು ಮುಷ್ಟಿ ಇಟ್ಟು, ಬಟ್ಟೆಯನ್ನು ಚಿಮುಟಿ ಹಿಡಿದು, ಮುಂದೆ ಹಿಂದೆ ಸರಿಸುತ್ತಾರೆ. ನೋಡುವವರಿಗೆ ಹೆಜ್ಜೆ ಕಾಣುತ್ತದೆ. ಕೂತಾಗ ಮುಷ್ಟಿಯೇ ಮೊಣಕಾಲು.

2019ರ ಜನವರಿಯಲ್ಲಿ ಅವಳು ಕುಂದಾಪುರಕ್ಕೆ ಬಂದಳು, ಉಪ್ಪಿನಕುದ್ರಿನ ಗೊಂಬೆ ನೋಡಲು. ನೀರ್‌ದೋಸೆಗೆ ಬಂಗುಡೆ ಸಾರು ಹಾಕಿಕೊಂಡು ಉಂಡಳು, ಬೆವರು ಒರೆಸಿಕೊಂಡಳು, ಮತ್ತೆ ಹಾಕಿಸಿಕೊಂಡಳು. ಅಮ್ಮ ಒಳಗೆ ಬಂದು, "ಹೆಣ್ಣ್ ಲಾಯ್ಕ್ ಇತ್ತ್ ಮಗಾ" ಅಂದರು. ಅಪ್ಪಯ್ಯ ಪೇಪರಿನಿಂದ ತಲೆ ಎತ್ತದೆ, "ಗೊಂಬಿ ಕಾಂಬುಕ್ ಹೋಯಿ ಹೆಣ್ಣ್ ಕಂಡ್ಕಂಡ್ ಬಂದ್ಯಾ?" ಅಂದರು. ಅಲ್ಲಿಗೆ ನಮ್ಮ ಮನೆಯ ಕೆಲಸ ಮುಗಿದಿತ್ತು.

ಇವತ್ತಿನ ವಿಷಯಕ್ಕೆ ಬರುತ್ತೇನೆ. ತೊಕುಶಿಮಾಕ್ಕೆ ಹಳೆಯ ಹೆಸರು ಅವಾ. ಇಲ್ಲಿಯ ಗೊಂಬೆಗಳ ತಲೆ ಒಸಾಕಾದ್ದಕ್ಕಿಂತ ದೊಡ್ಡದು, ಮುಖಕ್ಕೆ ಹೊಳಪೂ ಜಾಸ್ತಿ. ಹಳ್ಳಿಯ ಬಯಲಲ್ಲಿ ಆಡುತ್ತಿದ್ದರಲ್ಲ, ದೂರ ಕೂತವರಿಗೆ ಕಾಣಬೇಕು. ನಮ್ಮ ಬಡಗುತಿಟ್ಟು ಯಕ್ಷಗಾನದ ಮುಂಡಾಸು ಅಷ್ಟು ದೊಡ್ಡದಾಗಿದ್ದಕ್ಕೂ ಇದೇ ಕಾರಣ ಇರಬಹುದು ಅಂತ ನನ್ನ ಊಹೆ. ಬುನ್ರಾಕು ಅನ್ನುವ ಹೆಸರು ಬಂದಿದ್ದೇ ಪಕ್ಕದ ಅವಾಜಿ ದ್ವೀಪದಿಂದ ಒಸಾಕಾಕ್ಕೆ ಹೋದ ಉಎಮುರಾ ಬುನ್ರಾಕುಕೆನ್ ಎಂಬವರಿಂದ. ಹಾಗಾಗಿ ಈ ಕಡೆಯವರಿಗೆ ಒಸಾಕಾ ಅಂದರೆ ಸ್ವಲ್ಪ, ಹೇಗೆ ಹೇಳಲಿ, ನಮ್ಮ ಮನೆಯ ಹುಡುಗ ಪೇಟೆಗೆ ಹೋಗಿ ದೊಡ್ಡ ಮನುಷ್ಯನಾದ ಅನ್ನುವ ಭಾವ.

ಅವಾ ಜೂರೊಬೆ ಯಾಶಿಕಿ ಅನ್ನುವ ಹಳೆಯ ಮನೆಯಂಗಳದಲ್ಲಿ ಆಟ. ಯಾತ್ರೆ ಹೊರಟ ಪುಟ್ಟ ಹುಡುಗಿ ಒಂದು ಮನೆ ಮುಂದೆ ನಿಲ್ಲುತ್ತಾಳೆ. ಅಪ್ಪ ಅಮ್ಮನನ್ನು ಹುಡುಕುತ್ತಿದ್ದೇನೆ ಅನ್ನುತ್ತಾಳೆ, ಅವರ ಹೆಸರು ಹೇಳುತ್ತಾಳೆ. ಎದುರಿಗಿರುವ ಹೆಂಗಸೇ ಅಮ್ಮ. ಆದರೆ ಗಂಡ ಹೆಂಡತಿ ಕಳ್ಳರ ಗುಂಪಿನಲ್ಲಿ ಸೇರಿಕೊಂಡು ತಲೆಮರೆಸಿಕೊಂಡಿದ್ದಾರೆ, ಹೇಳಿದರೆ ಮಗುವಿಗೂ ಆಪತ್ತು. ಹೇಳದೆ ಕಳಿಸಿಬಿಡುತ್ತಾಳೆ. ನಾನು ಅತ್ತೆ. ಹಿಂದಿನ ಸಾಲಿನ ಅಜ್ಜಂದಿರೂ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳ ಅಪ್ಪ ಮಾತ್ರ ಕೈಕಟ್ಟಿ ಕೂತಿದ್ದರು. ಕಾರಿನಲ್ಲಿ ನಾನು ಗೊಂಬೆ ಬಗ್ಗೆ ನನಗೆ ಗೊತ್ತಿದ್ದನ್ನೆಲ್ಲ ಸುರಿದೆ. ತೆಂಗುಯ ಹಿಸಕಿಚಿ ಅನ್ನುವ ಪ್ರಸಿದ್ಧ ಶಿಲ್ಪಿ ಕೆತ್ತಿದ ತಲೆಗಳ ಬಗ್ಗೆಯೂ ಹೇಳಿದೆ. ಅವರು "ಓಹೋ, ಬಹಳ ತಿಳಿದುಕೊಂಡಿದ್ದೀರಿ" ಅಂದರು. ಮತ್ತೆ ಅದೇ ಮರ್ಯಾದೆ.

ಆಗಸ್ಟ್ 12, ಸೋಮವಾರ

ಅವಾ ಒದೊರಿ. ಪ್ರತಿ ವರ್ಷ ಆಗಸ್ಟ್ 12ರಿಂದ 15ರವರೆಗೆ ಇಡೀ ಪೇಟೆ ಕುಣಿಯುವ ಹಬ್ಬ. ಮೊದಲ ದಿನವೇ ಹೋದೆವು. ಕುಣಿತದ ಒಂದೊಂದು ತಂಡಕ್ಕೂ "ರೆನ್" ಅನ್ನುತ್ತಾರೆ. ಹೆಂಗಸರು ಮಡಿಸಿದ ಹುಲ್ಲಿನ ಟೋಪಿ ಹಾಕಿ, ಮರದ ಚಪ್ಪಲಿಯ ತುದಿಯ ಮೇಲೆ ನಿಂತು, ಕೈ ಮೇಲೆತ್ತಿ ಬರುತ್ತಾರೆ. ಗಂಡಸರು ಸೊಂಟ ಬಗ್ಗಿಸಿ, ಮೊಣಕಾಲು ಅಗಲಿಸಿ, ನೆಲಕ್ಕೆ ಹತ್ತಿರ. ಮೂರು ತಂತಿಯ ಶಮಿಸೆನ್ ವಾದ್ಯ, ಕೊಳಲು, ಡೋಲು, ಜಾಗಟೆ. ಎರಡೇ ಪೆಟ್ಟಿನ ತಾಳ ಗಂಟೆಗಟ್ಟಲೆ.

ಯಾವ ತಂಡದಲ್ಲೂ ಇಲ್ಲದವರಿಗೆ "ನಿವಾಕಾ ರೆನ್" ಅಂತ ಒಂದು ವ್ಯವಸ್ಥೆ ಇದೆ. ದುಡ್ಡು ಕೊಡಬೇಕಿಲ್ಲ, ವೇಷ ಬೇಕಿಲ್ಲ, ಹೇಳಿದ ಜಾಗಕ್ಕೆ ಹೋದರೆ ಸ್ವಲ್ಪ ಹೊತ್ತು ಕಲಿಸಿ ಮೆರವಣಿಗೆಗೆ ಬಿಡುತ್ತಾರೆ. ಸುಲಭ ಅಂದುಕೊಂಡೆ. ಅಲ್ಲ! ಬಲಗಾಲು ಮುಂದಿಟ್ಟಾಗ ಬಲಗೈ ಮುಂದೆ ಬರಬೇಕು. ಎಡಗಾಲಿಗೆ ಎಡಗೈ. ಒಮ್ಮೆ ಮನೆಯಲ್ಲಿ ಹಾಗೆ ನಡೆದು ನೋಡಿ, ಗೊತ್ತಾಗುತ್ತದೆ. ನಾನು ಅರ್ಧ ದಾರಿಯಲ್ಲಿ ಶಾಲೆಯ ಪರೇಡಿಗೆ ಇಳಿದುಬಿಟ್ಟಿದ್ದೆ. ಪಕ್ಕದಲ್ಲಿದ್ದ ಅಪರಿಚಿತ ಅಜ್ಜ "ಯಾತ್ತೊಸಾ!" ಅಂತ ಕೂಗಿ ನನ್ನ ಬಲಗೈ ಹಿಡಿದು ಬಲಗಾಲಿನ ಕಡೆಗೆ ಎಳೆದ. ಮೂವತ್ತು ಹೆಜ್ಜೆ ಸರಿ ಬಂತು. ಮತ್ತೆ ತಪ್ಪಿತು. ಬೆವರಿನಲ್ಲಿ ಅಂಗಿ ಹಿಂಡುವ ಹಾಗಾಯಿತು. ನಮ್ಮ ಕರಾವಳಿಯ ಏಪ್ರಿಲ್ ಸೆಕೆ ಗೊತ್ತಲ್ಲ, ಅದೇ.

ಆಗಸ್ಟ್ 13, ಮಂಗಳವಾರ

ಬೆಳಿಗ್ಗೆ ಸಮಾಧಿಗೆ. ಬಕೆಟ್, ಮರದ ಸೌಟು, ಬ್ರಷ್, ಹಸಿರು ಟೊಂಗೆ, ಧೂಪ. ಮನೆತನಕ್ಕೆಲ್ಲ ಸೇರಿ ಒಂದೇ ಕಲ್ಲು, ಬೂದಿ ಅದರ ಕೆಳಗೆ. ಕಲ್ಲಿಗೆ ನೀರು ಹಾಕಿ ಉಜ್ಜಿ ತೊಳೆಯುತ್ತಾರೆ, ಮೂಲೆಯ ಪಾಚಿ ಹಲ್ಲುಜ್ಜುವ ಬ್ರಷ್ಷಿನಿಂದ. ಅಜ್ಜಿ ಕಲ್ಲಿನ ಜೊತೆ ಮಾತಾಡುತ್ತಲೇ ಇದ್ದರು. "ಈ ಸಲ ಬಹಳ ಸೆಕೆ. ಮೊಮ್ಮಗಳು ಬಂದಿದ್ದಾಳೆ. ಜೊತೆಗೊಬ್ಬ ಬಂದಿದ್ದಾನೆ, ಇಂಡಿಯಾದವನು." ಅಜ್ಜ ತೀರಿಕೊಂಡಿದ್ದು 2011ರಲ್ಲಿ. ನನ್ನ ಬಗ್ಗೆ ಆ ಮನೆಯಲ್ಲಿ ಮೊದಲು ಮರ್ಯಾದೆ ಬಿಟ್ಟು ಮಾತಾಡಿದ್ದು ಹೀಗೆ, ಸತ್ತವರ ಹತ್ತಿರ.

ಕಲ್ಲಿನ ಹಿಂದೆ ಉದ್ದುದ್ದ ಮರದ ಪಟ್ಟಿಗಳು. ಅದರ ಮೇಲೆ ಕುಂಚದಲ್ಲಿ ಬರೆದ ಅಕ್ಷರ ಜಪಾನೀಸ್ ಅಲ್ಲ. ನೋಡ್ತೀನಿ, ನಾಗರಿಯ ಅಕ್ಕತಂಗಿಯ ಹಾಗಿದೆ. ಅದು ಸಿದ್ಧಂ, ಹಿಂದೆ ಸಂಸ್ಕೃತ ಬರೆಯುತ್ತಿದ್ದ ಲಿಪಿ. ಸಾವಿರದ ಇನ್ನೂರು ವರ್ಷದ ಹಿಂದೆ ಕೋಬೋ ದೈಶಿ ಎಂಬ ಭಿಕ್ಷು ಚೀನಾದಿಂದ ತಂದ ಶಿಂಗೊನ್ ಬೌದ್ಧ ಪಂಥದ ಜೊತೆ ಈ ಅಕ್ಷರಗಳೂ ಇಲ್ಲಿ ಬೇರುಬಿಟ್ಟವು. ಇವರ ದೇವಸ್ಥಾನದಲ್ಲಿ ಮಾಡುವ "ಗೋಮಾ" ನಮ್ಮ ಹೋಮವೇ. ಅಜ್ಜಿ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು: "ಕ್ಯಾ, ಕಾ, ರಾ, ಬಾ, ಆ." ನಾನು ಮೂಲದ ಹಾಗೆ ಹೇಳಿದೆ: ಖ, ಹ, ರ, ವ, ಅ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಅಜ್ಜಿಗೆ "ಹ" ಬಹಳ ಇಷ್ಟವಾಯಿತು. ದಾರಿಯುದ್ದಕ್ಕೂ "ಹ, ಹ" ಅನ್ನುತ್ತ ಬಂದರು.

ಮನೆಗೆ ಬಂದು ದೇವರ ಬೀರುವಿನ ಮುಂದೆ ನಮ್ಮ ಅಗರಬತ್ತಿ ಹಚ್ಚಿದೆವು. ಅವರ ಧೂಪದ ಕಡ್ಡಿಯೊಳಗೆ ಬಿದಿರು ಇರುವುದಿಲ್ಲ. ಬೂದಿಯ ಬಟ್ಟಲಲ್ಲಿ ನಿಲ್ಲಿಸಿದರೆ ಕೊನೆಯವರೆಗೆ ಉರಿದು ಬೂದಿಯಾಗುತ್ತದೆ, ಏನೂ ಉಳಿಯುವುದಿಲ್ಲ. ನಮ್ಮದು ಉರಿದು ಮುಗಿದ ಮೇಲೆ ಕೆಂಪು ಕಡ್ಡಿ ಬೂದಿಯಲ್ಲಿ ನಿಂತೇ ಇತ್ತು. ಅಜ್ಜಿ ಅದನ್ನು ಎಳೆದು, ತಿರುಗಿಸಿ ನೋಡಿ, "ಇದನ್ನು ನಿಮ್ಮಲ್ಲಿ ಏನು ಮಾಡುತ್ತೀರಿ?" ಅಂತ ಕೇಳಿದರು. "ಬಿಸಾಡುತ್ತೇವೆ" ಅಂದೆ. ಅವರಿಗೆ ಸರಿಬರಲಿಲ್ಲ. ದೇವರ ಮುಂದೆ ಇಟ್ಟಿದ್ದನ್ನು ಬಿಸಾಡೋದಾ? ಒಂದು ಚಹಾ ಲೋಟದಲ್ಲಿ ಹಾಕಿ ಇಟ್ಟರು.

ಸಂಜೆ ಬಾಗಿಲಲ್ಲಿ ಸಣ್ಣ ಬೆಂಕಿ ಹಚ್ಚಿದರು, ಹಿರಿಯರಿಗೆ ದಾರಿ ಕಾಣಲಿ ಅಂತ.

ಆಗಸ್ಟ್ 14, ಬುಧವಾರ

ಚಂಡಮಾರುತ ಬರುತ್ತಿದೆ. ಆ ವರ್ಷದ ಹತ್ತನೆಯದು. ಇವತ್ತಿನದೂ ನಾಳೆಯದೂ ಅವಾ ಒದೊರಿ ರದ್ದು. ವರ್ಷವಿಡೀ ಅಭ್ಯಾಸ ಮಾಡಿದ ತಂಡಗಳನ್ನು ನೆನೆದು ಅವಳ ಅಮ್ಮ ಪದೇ ಪದೇ ಬೇಜಾರು ಮಾಡಿಕೊಂಡರು.

ಅಪ್ಪ ಬೆಳಿಗ್ಗೆ ಆರಕ್ಕೇ ನನ್ನ ಕೋಣೆಯ ಬಾಗಿಲು ತಟ್ಟಿದರು. ಕೈಯಲ್ಲಿ ಗ್ಲೌಸ್, ಕತ್ತರಿ. "ಸುದಾಚಿ" ಅಂದರು. ಅಷ್ಟೇ.

ಸುದಾಚಿ ಅಂದರೆ ತೊಕುಶಿಮಾದ ಹಸಿರು ನಿಂಬೆ, ಗೋಲಿಗಿಂತ ಸ್ವಲ್ಪ ದೊಡ್ಡದು. ಮೀನಿಗೆ, ಶಾವಿಗೆಗೆ, ಸಾರಿಗೆ, ಎಲ್ಲಕ್ಕೂ ಹಿಂಡುತ್ತಾರೆ. ಮನೆ ಹಿಂದೆ ಏಳೆಂಟು ಮರ. ಗಾಳಿಗೆ ಉದುರುವ ಮೊದಲು ಕೊಯ್ಯಬೇಕು. ಮುಳ್ಳು ಸೂಜಿಯ ಹಾಗೆ. ನಾನು ಊರಲ್ಲಿ ಮಾವಿನ ಮಿಡಿ ಕೊಯ್ದವನು, ಎಳೆದು ಕಿತ್ತೆ. ಅಪ್ಪ ಬಂದು ನಾನು ಕಿತ್ತ ಕಾಯಿ ಎತ್ತಿ, ತೊಟ್ಟಿನ ಹತ್ತಿರ ಸಿಪ್ಪೆ ಹರಿದಿದ್ದನ್ನು ತೋರಿಸಿದರು. ತೊಟ್ಟು ಸ್ವಲ್ಪ ಬಿಟ್ಟು ಕತ್ತರಿಸಬೇಕು, ಆಮೇಲೆ ಉಳಿದ ತೊಟ್ಟನ್ನು ಕಾಯಿಗೆ ಅಂಟಿಕೊಂಡ ಹಾಗೆ ಇನ್ನೊಮ್ಮೆ. ಇಲ್ಲದಿದ್ದರೆ ಒಂದರ ತೊಟ್ಟು ಇನ್ನೊಂದಕ್ಕೆ ಚುಚ್ಚುತ್ತದೆ. ಮೂರು ಸಲ ತಪ್ಪು ಮಾಡಿದೆ. ಮೂರನೇ ಸಲ ಅವರು ನಾಲಿಗೆಯಲ್ಲಿ "ಚ್" ಅಂದರು.

ಆ "ಚ್" ಕೇಳಿ ನನಗಾದ ಖುಷಿಯನ್ನು ಯಾರಿಗೆ ಹೇಳಲಿ.

ಆಮೇಲೆ ಹೂಕುಂಡ ಒಳಗಿಟ್ಟೆವು, ಬಟ್ಟೆ ಒಣಹಾಕುವ ಕೋಲು ಇಳಿಸಿದೆವು, ಕಿಟಕಿಗೆ ಮರದ ಹೊರಬಾಗಿಲು ಎಳೆದೆವು. ಮಧ್ಯಾಹ್ನ ಸುಶಿ ಇಲ್ಲ, ಏನೂ ಇಲ್ಲ, ದಪ್ಪ ಶಾವಿಗೆ ಮತ್ತು ಸುಟ್ಟ ಮೀನು. ಅಡುಗೆಮನೆಯ ಮೇಜಿನಲ್ಲೇ ಊಟ. ನನಗೆ ಹಸಿವಾಗಿತ್ತು, ಕಡ್ಡಿ ಬಿಟ್ಟು ಕೈ ಹಾಕಿದೆ. ತಲೆಯಿಂದ ಶುರು ಮಾಡಿ ಕೆನ್ನೆಯ ಮಾಂಸ ತೆಗೆದು, ನಡುಮುಳ್ಳು ಇಡಿಯಾಗಿ ಎತ್ತಿ, ಸಣ್ಣ ಮುಳ್ಳುಗಳನ್ನು ಬಾಯಲ್ಲೇ ಬೇರೆ ಮಾಡಿ ತಟ್ಟೆಯ ಅಂಚಿಗೆ ಇಟ್ಟೆ. ನಮ್ಮ ಕಡೆ ಐದು ವರ್ಷದ ಮಕ್ಕಳೂ ಮಾಡುತ್ತವೆ, ಅದೇನು ದೊಡ್ಡ ವಿದ್ಯೆಯಲ್ಲ. ತಲೆ ಎತ್ತಿದರೆ ಮೂವರೂ ನನ್ನ ತಟ್ಟೆ ನೋಡುತ್ತಿದ್ದರು. ಅದರಲ್ಲಿ ಉಳಿದಿದ್ದು ಬಾಚಣಿಗೆಯಂಥ ಒಂದು ಮುಳ್ಳು ಮಾತ್ರ. ಅಪ್ಪ ತಮ್ಮ ತಟ್ಟೆ ನೋಡಿಕೊಂಡರು, ನನ್ನದು ನೋಡಿದರು. ಏನೂ ಹೇಳದೆ ಇನ್ನೊಂದು ಮೀನು ನನ್ನ ತಟ್ಟೆಗೆ ಹಾಕಿದರು.

ಮೂರು ದಿನ ತೆಂಗುಯ ಹಿಸಕಿಚಿ, ಬುನ್ರಾಕುಕೆನ್ ಅಂತ ಪಾಠ ಒಪ್ಪಿಸಿದ್ದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಗಿತ್ತು!

ರಾತ್ರಿ ಅಮ್ಮ ಫೋನ್ ಮಾಡಿದರು. ನಮ್ಮ ರಾಜ್ಯದಲ್ಲೂ ಆ ವಾರ ಮಳೆ, ಉತ್ತರ ಕರ್ನಾಟಕದಲ್ಲಿ ನೆರೆ, ಘಟ್ಟದಲ್ಲಿ ಕುಸಿತ. "ಇಲ್ಲೂ ಮಳೆ, ಅಲ್ಲೂ ಮಳೆ. ನೀ ಹೊರ್ಗ್ ಹೋಗಬೇಡ" ಅಂದರು, ಕುಂದಾಪುರದಿಂದ.

ಆಗಸ್ಟ್ 15, ಗುರುವಾರ

ರೈಲಿಲ್ಲ, ಬಸ್ಸಿಲ್ಲ. ಹೊರಬಾಗಿಲು ಮುಚ್ಚಿದ ಮನೆ ಹಗಲಲ್ಲೂ ಕತ್ತಲೆ. ಗಾಳಿ ಒಂದೊಂದು ಸಲ ಇಡೀ ಗೋಡೆಗೆ ಭುಜ ಕೊಟ್ಟು ತಳ್ಳಿದ ಹಾಗೆ. ಚಂಡಮಾರುತ ದಡ ಮುಟ್ಟಿದ್ದು ಆಚೆ ಹಿರೋಶಿಮಾ ಕಡೆ, ಆದರೂ ಇಲ್ಲಿ ಸಾಕಷ್ಟು ಜೋರಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಟಿವಿಯಲ್ಲಿ ಯುದ್ಧದಲ್ಲಿ ಸತ್ತವರಿಗೆ ಒಂದು ನಿಮಿಷ ಮೌನ. ಅಜ್ಜಿ ಎದ್ದು ನಿಂತರು. 1945ರ ಜುಲೈ 4ರಂದು ತೊಕುಶಿಮಾ ಪೇಟೆ ಬಾಂಬಿಗೆ ಸುಟ್ಟುಹೋದಾಗ ಅವರಿಗೆ ಎಂಟು ವರ್ಷ. ನಮಗೆ ಆಗಸ್ಟ್ 15 ಅಂದರೆ ಧ್ವಜ, ಬೂಂದಿ ಲಾಡು. ನಾನೂ ನಿಂತೆ.

ಆಮೇಲೆ ಏನು ಮಾಡೋದು ಅಂತ ಎಲ್ಲರೂ ಸುಮ್ನೆ ಕೂತಿದ್ದಾಗ ಅಜ್ಜಿ ಮಗನ ಕಡೆ ತಿರುಗಿ, "ಅದನ್ನು ತೆಗಿ" ಅಂದರು. ಅಪ್ಪ ಕೇಳಿಸದವರ ಹಾಗೆ ಕೂತರು. ಅಜ್ಜಿ ಮತ್ತೊಮ್ಮೆ ಹೇಳಿದರು.

ಅಟ್ಟದಂಥ ಕಪಾಟಿನಿಂದ ಉದ್ದದ ಮರದ ಪೆಟ್ಟಿಗೆ ಇಳಿಯಿತು. ಬಿಳಿ ಬಟ್ಟೆ ಬಿಚ್ಚಿದರೆ ಒಂದು ಹೆಣ್ಣು ಗೊಂಬೆ. ನೀಲಿ ಕಿಮೊನೊ, ಒಂದು ಕಿವಿಯ ಹತ್ತಿರ ಬಣ್ಣ ಎದ್ದಿತ್ತು. ನನಗೆ ಮಾತೇ ಬರಲಿಲ್ಲ. ಇವಳು ಎರಡು ವರ್ಷದಲ್ಲಿ ಇದನ್ನು ಹೇಳೇ ಇರಲಿಲ್ಲ! "ಅಪ್ಪ ಇದರ ಮಾತು ಎತ್ತುವುದಿಲ್ಲ" ಅಂದಳು. ಊರಿನ ಹವ್ಯಾಸಿ ತಂಡದಲ್ಲಿ ಈ ಗೊಂಬೆಯ ತಲೆ ಹಿಡಿಯುತ್ತಿದ್ದದ್ದು ಅಜ್ಜ. ಎಡಗೈ ಅಪ್ಪನದು. ರಜೆಗೆ ಬಂದಾಗ ಇವಳು ಕಾಲು. ಅಜ್ಜ ಹೋದ ಮೇಲೆ ಪೆಟ್ಟಿಗೆ ಮುಚ್ಚಿದ್ದು, ಎಂಟು ವರ್ಷ.

ಅಪ್ಪ ಗೊಂಬೆಯ ಎಡಗೈ ಹಿಡಿದು ಸ್ವಲ್ಪ ಹೊತ್ತು ನಿಂತರು. ಅಭ್ಯಾಸದ ಜಾಗ. ಆಮೇಲೆ ಈಚೆ ಬಂದು, ಗೊಂಬೆಯ ಬೆನ್ನೊಳಗೆ ಕೈ ತೂರಿಸಿ, ತಲೆಯ ಹಿಡಿ ಹಿಡಿದರು. ಗೊಂಬೆ ತಲೆ ಎತ್ತಿತು. ಅಜ್ಜಿ "ಆ" ಅಂದರು. ಇವಳು ಏನೂ ಕೇಳದೆ ಎಡಗೈಗೆ ಹೋದಳು.

ಕೆಳಗೆ ಜಾಗ ಖಾಲಿ ಇತ್ತು.

"ಏನು ನೋಡ್ತಿದ್ದೀಯಾ, ಬಾ" ಅಂದರು ಅಪ್ಪ. ಜಪಾನೀಸಿನಲ್ಲಿ ಇದನ್ನೇ ಐದಾರು ಬಗೆಯ ಮರ್ಯಾದೆಯಲ್ಲಿ ಹೇಳಬಹುದು. ಅವರು ಬಳಸಿದ್ದು ತೀರಾ ಕೆಳಗಿನದು, ಮಕ್ಕಳಿಗೆ ಹೇಳುವಂಥದ್ದು.

ಬಗ್ಗಿದೆ. ಕಿಮೊನೊ ಅಂಚಿನೊಳಗೆ ಎರಡು ಮುಷ್ಟಿ ಇಟ್ಟೆ. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಚಿಮುಟಿ ಹಿಡಿಯಬೇಕು, ಇವಳು ಮೇಲಿನಿಂದಲೇ ಹೇಳಿಕೊಡುತ್ತಿದ್ದಳು. ತಲೆ ಹಿಡಿದವರ ಸೊಂಟಕ್ಕೆ ನನ್ನ ತೋಳು ತಾಗಿರಬೇಕು. ಅವರು ಯಾವ ಕಡೆ ಹೊರಳುತ್ತಾರೆ ಅನ್ನುವುದು ಕಣ್ಣಿಗಲ್ಲ, ಅಲ್ಲಿಂದ ತಿಳಿಯಬೇಕು. ಒಂದು ಹೆಜ್ಜೆ. ಬಟ್ಟೆ ಸಿಕ್ಕಿಕೊಂಡಿತು. ಎರಡನೇದು, ನಾನು ಬೇಗ. ಮೂರನೇದು, ನಿಧಾನ. ಹತ್ತು ನಿಮಿಷಕ್ಕೆ ಸೊಂಟ ಮುರಿದು ಬೀಳುವ ಹಾಗಾಯಿತು. ನನಗೆ ಗೊಂಬೆಯ ಮುಖ ಕಾಣುವುದೇ ಇಲ್ಲ, ಕಾಣುವುದು ಚಾಪೆ ಮತ್ತು ಅಪ್ಪನ ಕಾಲುಚೀಲದ ತೂತು. ಒಂದು ಸಲ ಮಾತ್ರ, ಚಾಪೆಯ ಈ ಅಂಚಿನಿಂದ ಆ ಅಂಚಿಗೆ, ನಾಲ್ಕು ಹೆಜ್ಜೆ ಒಟ್ಟಿಗೆ ಬಂದವು. ಗೊತ್ತಾಗಿದ್ದು ನನಗಲ್ಲ. ಅಜ್ಜಿಗೆ. "ನಡೆದಳು" ಅಂದರು.

ಆಗ ನಾನು ದೊಡ್ಡ ಎಡವಟ್ಟು ಮಾಡಿದೆ. ಮದುವೆಯ ಮಾತನ್ನು 16ಕ್ಕೆ, ಸೂಟು ಹಾಕಿ, ಮಂಡಿಯೂರಿ ಕೂತು ಕೇಳುವುದು ಅಂತ ಇಬ್ಬರೂ ಸೇರಿ ನಿಗದಿ ಮಾಡಿದ್ದೆವು. ಬೆಂಗಳೂರಲ್ಲಿ ಕನ್ನಡಿ ಮುಂದೆ ನೂರು ಸಲ ಹೇಳಿ ಅಭ್ಯಾಸ ಮಾಡಿದ್ದ ವಾಕ್ಯ. ಅದು ಏಕಾಏಕಿ ಅಲ್ಲೇ, ಬಗ್ಗಿಕೊಂಡು, ಗೊಂಬೆಯ ಸೆರಗಿನೊಳಗೆ ಮುಷ್ಟಿ ಇಟ್ಟುಕೊಂಡೇ ಬಾಯಿಂದ ಬಂದುಬಿಟ್ಟಿತು. ಮದುವೆಗೆ ಒಪ್ಪಿಗೆ ಕೊಡಿ ಅನ್ನುವುದು. ಅದೂ ವಿಭಕ್ತಿ ತಪ್ಪಾಗಿ, "ಓ" ಬರಬೇಕಾದಲ್ಲಿ "ಗಾ".

ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಇವಳ ಕೈಯಲ್ಲಿದ್ದ ಗೊಂಬೆಯ ಎಡಗೈ ನಡುಗುತ್ತಿದ್ದದ್ದು ನನಗೆ ಕೆಳಗಿನಿಂದ ಕಂಡಿತು.

"ಗಾ ಅಲ್ಲ. ಓ" ಅಂದರು ಅಪ್ಪ.

ನಾನು ಸರಿಮಾಡಿ ಇನ್ನೊಮ್ಮೆ ಹೇಳಿದೆ.

ಗೊಂಬೆಯ ತಲೆ ನಿಧಾನವಾಗಿ ನನ್ನ ಕಡೆ ಬಗ್ಗಿತಂತೆ, ಇವಳು ಆಮೇಲೆ ಹೇಳಿದ್ದು. ನನಗೆ ಕೇಳಿಸಿದ್ದು ಅಪ್ಪನ ಧ್ವನಿ ಮಾತ್ರ. "ಕಾಲಿಗೆ ಹತ್ತು ವರ್ಷ."

ಬುನ್ರಾಕು ಕಲಿಯುವವರು ಹೇಳುವ ಮಾತು ಅದು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ, ಆಮೇಲೆ ತಲೆ. ಅಡುಗೆಮನೆಯಿಂದ ಅವಳ ಅಮ್ಮ ಓಡಿಬಂದು, ಕಣ್ಣೊರೆಸಿಕೊಂಡು, ಮೊದಲು ಗಂಡನಿಗೆ ಬೈದರು, ಸರಿಯಾಗಿ ಉತ್ತರ ಕೊಡೋಕೆ ಬರಲ್ವಾ ಅಂತ.

ಕುಂದಾಪುರಕ್ಕೆ ಫೋನ್ ಮಾಡಿದೆ. "ಹೆಣ್ಣಿನ್ ಮನ್ಯಾರ್ ಎಂತ ಹೇಳ್ರ್?" ಅಂದರು ಅಮ್ಮ. "ಹತ್ತು ವರ್ಷ ಅಂದ್ರು." "ಹತ್ತ್ ವರ್ಷ್ವಾ! ಅಷ್ಟ್ ಕಾಯುಕಾತ್ತಾ ಮಗಾ?" ಬಿಡಿಸಿ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು. ಇಡೀ ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲವಂತೆ.

ಆಗಸ್ಟ್ 16, ಶುಕ್ರವಾರ

ಆಕಾಶ ತೊಳೆದಿಟ್ಟ ಹಾಗೆ. ಹಿತ್ತಲಲ್ಲಿ ಒಂದು ಸುದಾಚಿ ಮರದ ಕೊಂಬೆ ಮುರಿದಿತ್ತು. ಬೆಳಿಗ್ಗೆಯೆಲ್ಲ ಎಲೆ ಗುಡಿಸಿದೆ. ಸೂಟು ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಸಂಜೆ ಹಿರಿಯರನ್ನು ಕಳಿಸುವ ಬೆಂಕಿ. ಅಜ್ಜಿ ಆ ಚಹಾ ಲೋಟ ತಂದರು. ನಾಲ್ಕು ದಿನದ ಅಗರಬತ್ತಿ ಕಡ್ಡಿಗಳು, ಎಣಿಸಿದ್ದರು, ಹದಿನೇಳು. ಒಂದೊಂದಾಗಿ ಬೆಂಕಿಗೆ ಹಾಕಿದರು. ಬಿದಿರು ಚಟ್ ಅಂತ ಸಿಡಿಯಿತು. "ಇಂಡಿಯಾದ್ದು ಜೋರು" ಅಂದರು, ಸಮಾಧಾನವಾದವರ ಹಾಗೆ.

ರಾತ್ರಿ ಸ್ನಾನಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಅಪ್ಪ ಹೋದರು, ಅಜ್ಜಿ ಹೋದರು, ಅಮ್ಮ, ಆಮೇಲೆ ಇವಳು. ಹತ್ತೂವರೆಗೆ ನಾನು ಹೊರಟಾಗ ಅಪ್ಪ ಪೇಪರಿನ ಹಿಂದಿನಿಂದಲೇ ಹೇಳಿದರು. ಕೊನೆಯವನು ತೊಟ್ಟಿ ತೊಳೆಯಬೇಕು. ನೀರು ಸುಮ್ನೆ ಬಿಡೋದಲ್ಲ, ಮೊದಲು ವಾಷಿಂಗ್ ಮೆಷಿನ್ನಿಗೆ ಪೈಪು ಹಾಕಬೇಕು, ಆ ನೀರು ನಾಳೆಯ ಬಟ್ಟೆಗೆ. ಸ್ಪಂಜು ಬಲಗಡೆ, ನೀಲಿಯದು. ಹಳದಿಯದು ನೆಲಕ್ಕೆ.

ನಾನು ಹಳದಿಯದರಲ್ಲಿ ತೊಟ್ಟಿ ತೊಳೆದೆ. ಬೆಳಿಗ್ಗೆ ಬೈಸಿಕೊಂಡೆ.